ನೀಲಿ ಸಾಲ್ವಿಯಾ ಅಗ್ಗ, ಆದರೂ ನನ್ನ ಮತ ಲ್ಯೂಕಾಂತಾಕ್ಕೆ

ವರ್ಷವರ್ಷ ಉಳಿಯುವ ಸಾಲ್ವಿಯಾ ಹೂಗಿಡ ಬೇಕೆನ್ನುವವರಿಗೆ ನಾನು ಹೇಳುವುದು ಒಂದೇ ಹೆಸರು, ಮೆಕ್ಸಿಕೊ ಮೂಲದ ಲ್ಯೂಕಾಂತಾ. ಬೆಂಗಳೂರಿನ ನಮ್ಮ ಅಂಗಳದಲ್ಲಿ ಅದನ್ನೂ ನೀಲಿ ಹೂವಿನ ಫ್ಯಾರಿನೇಸಿಯಾವನ್ನೂ ಅಕ್ಕಪಕ್ಕದಲ್ಲೇ ಬೆಳೆಸಿದ್ದೇನೆ. ಉದ್ಯಾನಗಳ ಕೆಂಪು ಸಾಲ್ವಿಯಾವನ್ನು ಋತು ಮುಗಿದೊಡನೆ ಕಿತ್ತುಹಾಕುವುದೇ ರೂಢಿ, ಅದರ ಮಾತು ಬೇಡ.

ಫ್ಯಾರಿನೇಸಿಯಾ ಅಗ್ಗ. ಬೀಜದಿಂದ ಸುಲಭವಾಗಿ ಏಳುತ್ತದೆ, ಬಾಡಿದ ತೆನೆ ಚಿವುಟುತ್ತಿದ್ದರೆ ತಿಂಗಳುಗಟ್ಟಲೆ ಹೂಬಿಡುತ್ತದೆ. ಆದರೆ ನಮ್ಮ ಜಿಗುಟು ಕೆಮ್ಮಣ್ಣಿನಲ್ಲಿ ಮಳೆನೀರು ನಿಂತರೆ ಬುಡ ಕೊಳೆಯುತ್ತದೆ. ಉಳಿದುಕೊಂಡವೂ ಮರುವರ್ಷ ಬರೀ ಕಡ್ಡಿಯಾಗಿ ಸೊರಗುತ್ತವೆ.

ಲ್ಯೂಕಾಂತಾದ ಸೊಗಸೇ ಬೇರೆ. ಬಿಳಿ ಎಸಳು ಉದುರಿದರೂ ಎಸಳಿನ ಬುಡ ಹಿಡಿದಿರುವ ಮಖಮಲ್ಲಿನಂತಹ ನೇರಳೆ ಬಟ್ಟಲು (ಪುಷ್ಪಪಾತ್ರೆ) ವಾರಗಟ್ಟಲೆ ತೆನೆಯಲ್ಲಿ ನಿಲ್ಲುತ್ತದೆ. ಬೆಳಗಾದರೆ ಸೂರಕ್ಕಿಗಳು ಹಾಜರು.

ಅದರ ತಕರಾರು ಒಂದೇ, ಬೆಳಕು. ಇದು ಹಗಲು ಕುಗ್ಗಿ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ನಮ್ಮ ಗೇಟಿನೆದುರು ಎಲ್‌ಇಡಿ ಬೀದಿದೀಪ ಬಂದ ವರ್ಷ, ದೀಪದಡಿಯ ಗಿಡಗಳು ಎದೆಯೆತ್ತರ ಬೆಳೆದರೂ ತುಂಬ ಬರೀ ಸೊಪ್ಪು. ಅದೇ ತಾಯಿಗಿಡದ ತುಂಡುಗಳನ್ನೇ ಮನೆಯ ಹಿಂಬದಿಯಲ್ಲೂ ನೆಟ್ಟಿದ್ದೆ. ಅವು ದೀಪಾವಳಿ ಹೊತ್ತಿಗೆ ತೆನೆ ಬಾಗಿಸಿ ನಿಂತಿದ್ದವು.

ಗೊಬ್ಬರ ಬದಲಿಸಿದರೂ, ನೀರು ಕಡಿಮೆ ಮಾಡಿದರೂ ಮುಂದಿನ ಸಾಲು ಕದಲಲಿಲ್ಲ. ಗೇಟಿನ ಕಂಬ ಬೀದಿದೀಪಕ್ಕೆ ಅಡ್ಡವಾಗಿ ನೆರಳು ಬೀಳುವ ಮೂಲೆಯ ಒಂದು ಗಿಡ ಮಾತ್ರ ಹೂಬಿಟ್ಟಿತು. ಅದನ್ನು ಕಂಡ ಮೇಲೆ ಅನುಮಾನ ಉಳಿಯಲಿಲ್ಲ. ಗಿಡ ಕೊಟ್ಟ ನರ್ಸರಿಯವರು ಬಿಸಿಲಿನ ಬಗ್ಗೆ ಹೇಳಿದ್ದರೇ ಹೊರತು ರಾತ್ರಿಯ ಕತ್ತಲಿನ ಬಗ್ಗೆ ಚಕಾರವೆತ್ತಿರಲಿಲ್ಲ. ಕೊಳ್ಳುವವರಿಗೆ ಮೊದಲು ಹೇಳಬೇಕಾದ ಮಾತೇ ಅದು.

ಆರೈಕೆ ಹೆಚ್ಚಿಲ್ಲ. ಹೂವು ಮುಗಿದ ಮೇಲೆ ನೆಲದಿಂದ ಗೇಣೆತ್ತರಕ್ಕೆ ಕತ್ತರಿಸಿದರೆ ಬುಡದಿಂದ ಹೊಸ ಚಿಗುರು ಬರುತ್ತದೆ. ಜೂನ್, ಜುಲೈಯಲ್ಲಿ ಕುಡಿ ಚಿವುಟಿದರೆ ಗಿಡ ಪೊದೆಯಾಗುತ್ತದೆ. ಆಗಸ್ಟ್ ಕಳೆದ ಮೇಲೆ ಕತ್ತರಿ ಮುಟ್ಟಬಾರದು. ಕೊಂಬೆ ಬಲು ಪೆಡಸು, ಗಾಳಿಗೆ ಮುರಿಯುತ್ತದೆ.

ತೋಟಕ್ಕೆ ಭಾನುವಾರವಷ್ಟೇ ಸಿಗುವ ನನಗೆ ದಿನವೂ ತೆನೆ ಚಿವುಟುವ ಪುರುಸೊತ್ತಿಲ್ಲ, ವರ್ಷವರ್ಷ ಸಸಿ ಕೊಳ್ಳುವ ಮನಸ್ಸೂ ಇಲ್ಲ. ಲ್ಯೂಕಾಂತಾದ ಒಂದು ಕುಂಡ ಕೊಂಡಿದ್ದೆ. ಅದರ ತುಂಡುಗಳಿಂದಲೇ ಹಿಂದಿನ ಬೇಲಿಯುದ್ದಕ್ಕೂ ಗಿಡಗಳಾಗಿವೆ. ದೀಪದಡಿಯ ಪಾತಿಗೆ ಮರಳು ಬೆರೆಸಿ, ಮಣ್ಣು ಏರಿಸಿ, ಫ್ಯಾರಿನೇಸಿಯಾ ಹಾಕಿದ್ದೇನೆ. ಅಲ್ಲಿ ಅದು ಚೆನ್ನಾಗಿಯೇ ಹೂಬಿಡುತ್ತಿದೆ.