ಗದಗಿನಿಂದ ಅರ್ಧ ದಿನ: ಲಕ್ಕುಂಡಿಗೋ, ಡಂಬಳಕ್ಕೋ?

ಎರಡೂ ಊರಿನ ಗುಡಿಗಳು ಕಲ್ಯಾಣ ಚಾಲುಕ್ಯರ ಕಾಲದವು, ಎರಡರದ್ದೂ ಬಳಪದ ಕಲ್ಲೇ. ಕಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಬಾದಾಮಿ ಕಡೆಯ ಮರಳುಗಲ್ಲಿನಲ್ಲಿ ಇಷ್ಟು ನಯದ ಕುಸುರಿ ಕಷ್ಟ.

ಲಕ್ಕುಂಡಿ ಗದಗಿನಿಂದ ಸುಮಾರು 12 ಕಿ.ಮೀ. ಅಲ್ಲಿಯ ಕಾಶಿ ವಿಶ್ವೇಶ್ವರ ದ್ವಿಕೂಟ, ಅಂದರೆ ಎರಡು ಗರ್ಭಗುಡಿಗಳ ಗುಡಿ. ಪೂರ್ವಕ್ಕೆ ಮುಖವಾದ ಶಿವನ ಗುಡಿ ದೊಡ್ಡದು, ಎದುರಿಗೆ ಪಶ್ಚಿಮಕ್ಕೆ ಮುಖವಾದ ಸೂರ್ಯನ ಗುಡಿ ಸಣ್ಣದು. ಬಾಗಿಲವಾಡದ ಪಟ್ಟಿಗಳನ್ನು ಒಂದೊಂದಾಗಿ ನೋಡದೆ ಒಳಗೆ ನುಗ್ಗಬೇಡಿ. ಕಂಬಗಳನ್ನು ಚರಕಿಯಲ್ಲಿ ತಿರುಗಿಸಿ ಕಡೆದದ್ದು. ಉಂಗುರದಂಥ ಗೆರೆಗಳೇ ಅದರ ಗುರುತು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವೂ ಅದೇ ಊರಲ್ಲಿದೆ.

ಡಂಬಳದ ದೊಡ್ಡಬಸಪ್ಪನ ಗುಡಿ 12ನೆಯ ಶತಮಾನದ್ದು. ಇಲ್ಲಿ ನೋಡಬೇಕಾದದ್ದು ನಕ್ಷೆ. ಒಂದೇ ನಡುಬಿಂದುವಿನ ಸುತ್ತ ಚೌಕವನ್ನು 15 ಡಿಗ್ರಿಗೊಮ್ಮೆ ತಿರುಗಿಸಿ ಆರು ಚೌಕ ಬರೆಯಿರಿ, 24 ಮೂಲೆಗಳ ನಕ್ಷತ್ರ ಸಿಗುತ್ತದೆ. ಗರ್ಭಗುಡಿಯ ಹೊರಗೋಡೆ ಅದೇ. ಮುಂದೆ ನಿಂತು ಒಂದು ಫೋಟೊ ತೆಗೆದು ಹೊರಟರೆ ಇದು ಕಾಣುವುದೇ ಇಲ್ಲ. ಹಿಂದೆ ಬಂದು, ಓರೆ ಬಿಸಿಲಲ್ಲಿ ಮೂಲೆಯ ನೆರಳು ಹಿಡಿದು ಎಣಿಸಬೇಕು. ನಡುಮಧ್ಯಾಹ್ನ ಎಲ್ಲ ಚಪ್ಪಟೆ.

ಮೊದಲ ಸಲ, ಅದೂ ಮಕ್ಕಳ ಜೊತೆ ಆದರೆ ಲಕ್ಕುಂಡಿ. ರೇಖಾಗಣಿತದ ಹುಚ್ಚಿದ್ದರೆ ಡಂಬಳ. ಹುಬ್ಬಳ್ಳಿಯಿಂದ ಬರುವವರಿಗೆ ಅಣ್ಣಿಗೇರಿಯ ಅಮೃತೇಶ್ವರ ಗುಡಿ ದಾರಿಯಲ್ಲೇ ಸಿಗುತ್ತದೆ, ಬಿಡಬೇಡಿ.