ಕನ್ನಡ ಫಾಂಟ್ ಆರಿಸಲು ಯಾವ ತೆರೆ ಅನುಕೂಲ: ವಿಂಡೋಸ್, ನೆಕ್ಸಸ್‌ಫಾಂಟ್, ಫಾಂಟ್‌ಬೇಸ್

ಫಾಂಟ್ ತಂತ್ರಾಂಶವೊಂದನ್ನು ಹೊಸದಾಗಿ ತೆರೆದಾಗಲೆಲ್ಲ ನಾನು ಮೊದಲು ಟೈಪ್ ಮಾಡುವುದು ‘ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಬ್ರಹ್ಮರಥೋತ್ಸವ’ ಎಂಬ ಸಾಲನ್ನು. ತುಮಕೂರಿನಲ್ಲಿ ಡಿ.ಟಿ.ಪಿ. ಕೆಲಸ ಮಾಡುವವರಿಗೆ ದೇವರಾಯನದುರ್ಗದ ಸ್ವಾಮಿಯ ಹೆಸರನ್ನು ವರ್ಷದಲ್ಲಿ ಹಲವು ಸಲ ಜೋಡಿಸಬೇಕಾಗುತ್ತದೆ ಎಂಬುದು ಒಂದು ಕಾರಣವಾದರೆ, ಫಾಂಟಿನ ಬಂಡವಾಳವೆಲ್ಲ ಆ ಒಂದೇ ಸಾಲಿನಲ್ಲಿ ಹೊರಬೀಳುತ್ತದೆ ಎಂಬುದು ಇನ್ನೊಂದು ಕಾರಣ. ‘ಕ್ಷ್ಮೀ’ ಎಂಬಲ್ಲಿ ಕಕಾರಕ್ಕೆ ಷಕಾರ, ಮಕಾರಗಳೆರಡೂ ಒತ್ತಾಗಿ ಸೇರಿ, ಮೇಲೆ ದೀರ್ಘವೂ ಬರುತ್ತದೆ. ‘ಹ್ಮ’, ‘ತ್ಸ’ಗಳ ಒತ್ತುಗಳು ಸಾಲಿನ ಕೆಳಗೆ ಎಷ್ಟು ಇಳಿಯುತ್ತವೆ ಎಂಬುದೂ ತಿಳಿಯುತ್ತದೆ. ತಂತ್ರಾಂಶ ತೋರಿಸುವ ಫಾಂಟ್ ಪಟ್ಟಿಯ ಸಾಲುಗಳು ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಅಳೆದು ಮಾಡಿದವಾದರೆ ಈ ಒತ್ತುಗಳ ಬುಡವೇ ಕತ್ತರಿಸಿಹೋಗುತ್ತದೆ. ಒತ್ತು ಪೂರ್ತಿ ಕಾಣದೆ ಕನ್ನಡ ಫಾಂಟನ್ನು ಆರಿಸುವುದು ಸಾಧ್ಯವಿಲ್ಲ.

ಈ ಸಾಲನ್ನು ಇಟ್ಟುಕೊಂಡು ನಾನು ವಿಂಡೋಸ್‌ನದೇ ಫಾಂಟ್ ಪುಟ, ಫಾಂಟ್‌ಗಳನ್ನು ನೋಡಿ ಗುಂಪು ಮಾಡಿಟ್ಟುಕೊಳ್ಳುವ ನೆಕ್ಸಸ್‌ಫಾಂಟ್ ಮತ್ತು ಫಾಂಟ್‌ಬೇಸ್ ಎಂಬ ತಂತ್ರಾಂಶಗಳು, ಈ ಮೂರನ್ನೂ ಅಂಗಡಿಯ ಕೆಲಸದ ನಡುವೆಯೇ ಬಳಸಿ ನೋಡಿದ್ದೇನೆ.

ವಿಂಡೋಸ್ 10ರ ಸೆಟ್ಟಿಂಗ್ಸ್‌ನಲ್ಲಿ ಫಾಂಟ್‌ಗಳಿಗಾಗಿ ಪ್ರತ್ಯೇಕ ಪುಟ ಬಂದದ್ದು 2018ರ ಏಪ್ರಿಲ್ ಪರಿಷ್ಕರಣೆಯಲ್ಲಿ. ಪ್ರತಿಯೊಂದು ಫಾಂಟಿಗೂ ಒಂದು ಚೌಕವಿದ್ದು, ಅದನ್ನು ಒತ್ತಿದರೆ ನಮ್ಮದೇ ಸಾಲನ್ನು ಬರೆದು, ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಿ ನೋಡಬಹುದು. ಪುಟ ಅಚ್ಚುಕಟ್ಟಾಗಿದೆ, ಹೊಸಬರೂ ತಡವರಿಸುವುದಿಲ್ಲ. ಆದರೆ ಒಂದು ಸಲಕ್ಕೆ ಒಂದೇ ಫಾಂಟಿನ ಪುಟ ತೆರೆಯುವುದರಿಂದ, ತುಂಗಾ ಎಂಬ ಫಾಂಟನ್ನು ನೋಡಿ ಹಿಂದಕ್ಕೆ ಬಂದು ನೋಟೋ ಸೆರಿಫ್ ಕನ್ನಡವನ್ನು ತೆರೆಯುವಷ್ಟರಲ್ಲಿ ಮೊದಲನೆಯದರ ರೂಪ ಕಣ್ಣಿನಿಂದ ಜಾರಿರುತ್ತದೆ. ಫಾಂಟ್ ಸ್ಥಾಪಿಸುವುದಕ್ಕೂ ತೆಗೆದುಹಾಕುವುದಕ್ಕೂ ಇದು ಸಾಕು, ಆರಿಸುವುದಕ್ಕೆ ಸಾಲದು. ಕಂಟ್ರೋಲ್ ಪ್ಯಾನೆಲ್‌ನ ಹಳೆಯ ಫಾಂಟ್ ಫೋಲ್ಡರಿನಲ್ಲಿ ಕೆಲವು ಫಾಂಟ್‌ಗಳು ಮಸುಕಾಗಿ ಕಾಣುವುದನ್ನು ಕಂಡು ಅವು ಕೆಟ್ಟಿವೆಯೆಂದು ಭಾವಿಸುವವರಿದ್ದಾರೆ. ಅವು ಕೆಟ್ಟಿರುವುದಿಲ್ಲ; ಕಂಪ್ಯೂಟರಿಗೆ ಸೇರಿಸಿರುವ ಭಾಷೆಗಳಿಗೆ ಸೇರದ ಫಾಂಟ್‌ಗಳನ್ನು ತಂತ್ರಾಂಶಗಳ ಪಟ್ಟಿಯಲ್ಲಿ ಮರೆಮಾಡುವ ಒಂದು ಆಯ್ಕೆ ಅಲ್ಲಿದೆ, ಅಷ್ಟೆ.

ನೆಕ್ಸಸ್‌ಫಾಂಟ್ ನೋಡಲು ಹಳೆಯ ಕಾಲದ್ದು. ಎಡಗಡೆ ಫೋಲ್ಡರುಗಳೂ ನಾವು ಮಾಡಿಕೊಂಡ ಗುಂಪುಗಳೂ ಇರುತ್ತವೆ, ನಡುವೆ ಮಾದರಿ ಸಾಲುಗಳ ಪಟ್ಟಿ ಇರುತ್ತದೆ. ನಮ್ಮ ಸಾಲನ್ನು ಒಮ್ಮೆ ಬರೆದರೆ ಸಾಕು, ಎಲ್ಲ ಫಾಂಟ್‌ಗಳಲ್ಲೂ ಒಂದರ ಕೆಳಗೊಂದರಂತೆ ಅದೇ ಸಾಲು ನಿಲ್ಲುತ್ತದೆ. ಗಾತ್ರದ ಕಡ್ಡಿಯನ್ನು ಎಳೆದರೆ ಅಷ್ಟೂ ಸಾಲುಗಳು ಒಟ್ಟಿಗೇ ಬೆಳೆಯುತ್ತವೆ. ಮದುವೆ ಪತ್ರಿಕೆ ಮಾಡಿಸಲು ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಮಗಳ ಹೆಸರನ್ನೇ ಬರೆದು ತೋರಿಸಿದರೆ, ಅವರು ತೆರೆಯ ಮೇಲೆ ಬೆರಳಿಟ್ಟು ‘ಇದಿರಲಿ ಬಿಡಿ’ ಎನ್ನುತ್ತಾರೆ. ಯಾವ ವಿವರಣೆಯೂ ಬೇಕಾಗುವುದಿಲ್ಲ. ತಂತ್ರಾಂಶ ತೆರೆದಿರುವವರೆಗೆ ಗುಂಪಿನಲ್ಲಿರುವ ಫಾಂಟ್‌ಗಳನ್ನು ಸ್ಥಾಪಿಸದೆಯೇ ಬಳಸಬಹುದೆಂಬುದು ಇನ್ನೊಂದು ಅನುಕೂಲ, ಏಕೆಂದರೆ ನೂರಾರು ಫಾಂಟ್‌ಗಳನ್ನು ಸ್ಥಾಪಿಸಿಟ್ಟರೆ ವಿನ್ಯಾಸದ ತಂತ್ರಾಂಶಗಳಲ್ಲಿ ಬೇಕಾದ ಹೆಸರನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಫಾಂಟ್‌ಬೇಸ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹೆಸರಿನ ಪಕ್ಕದ ಸಣ್ಣ ವೃತ್ತವನ್ನು ಒತ್ತಿದರೆ ಫಾಂಟ್ ಚಾಲೂ, ಮತ್ತೆ ಒತ್ತಿದರೆ ಬಂದ್. ಯಾವುದು ಚಾಲೂ ಇದೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಈ ಒಂದು ವಿಷಯದಲ್ಲಿ ಅದನ್ನು ನೆಕ್ಸಸ್‌ಫಾಂಟಿಗಿಂತ ಮೇಲೆ ಇಡುತ್ತೇನೆ. ಗೂಗಲ್ ಫಾಂಟ್‌ಗಳು ಒಳಗೇ ಇರುವುದರಿಂದ ‘ಬಾಲೂ ತಮ್ಮ’ ಎಂಬಂಥ ಕನ್ನಡ ಫಾಂಟನ್ನು ಇಳಿಸಿಕೊಳ್ಳದೆಯೇ ನೋಡಬಹುದು. ಪಟ್ಟಿಯ ಬದಲು ಚೌಕಗಳಾಗಿ ಜೋಡಿಸುವ ನೋಟವೂ ಇದರಲ್ಲಿದೆ. ಅದು ಇಂಗ್ಲಿಷಿನ ಚಿಕ್ಕ ಪದಗಳಿಗೆ ಚೆನ್ನ, ನಮ್ಮ ಉದ್ದನೆಯ ಸಾಲುಗಳಿಗೆ ಪಟ್ಟಿಯೇ ಸರಿ.

ಮೂರರಲ್ಲಿ ಯಾವುದನ್ನು ಬಳಸಿದರೂ ಕನ್ನಡದವರಿಗೆ ಎದುರಾಗುವ ನಿಜವಾದ ತೊಡಕು ಬೇರೆಯೇ ಇದೆ. ನಮ್ಮ ಅಂಗಡಿಗಳಲ್ಲಿ, ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವ ಯೂನಿಕೋಡ್ ಫಾಂಟ್‌ಗಳ ಜೊತೆಗೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡವನ್ನು ಕೂರಿಸಿದ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳೂ ಇನ್ನೂ ಬಳಕೆಯಲ್ಲಿವೆ. ಆಸ್ಕಿಯಲ್ಲಿ ಇಂಗ್ಲಿಷಿನ ದೊಡ್ಡ ಸಿ ಇರಬೇಕಾದಲ್ಲಿ ‘ಅ’, ದೊಡ್ಡ ಡಿ ಇರಬೇಕಾದಲ್ಲಿ ‘ಆ’ ಕುಳಿತಿರುತ್ತದೆ. ಆದ್ದರಿಂದ ಯೂನಿಕೋಡಿನಲ್ಲಿ ಬರೆದ ಮಾದರಿ ಸಾಲು ಆಸ್ಕಿ ಫಾಂಟಿನಲ್ಲಿ ಮೂಡುವುದೇ ಇಲ್ಲ. ಬರಿಯ ಡಬ್ಬಿಗಳು ಕಂಡರೆ ಒಳ್ಳೆಯದು, ಆಗ ಅಕ್ಷರವಿಲ್ಲವೆಂದು ತಿಳಿಯುತ್ತದೆ. ಆದರೆ ಎಷ್ಟೋ ಕಡೆ ಕಂಪ್ಯೂಟರು ಸದ್ದಿಲ್ಲದೆ ವಿಂಡೋಸ್‌ನದೇ ನಿರ್ಮಲಾ ಯುಐ ಫಾಂಟನ್ನೋ ತುಂಗಾವನ್ನೋ ಎರವಲು ತಂದು ತೋರಿಸುತ್ತದೆ. ಹಿಂದೆ ಬಳಸುತ್ತಿದ್ದ ಬೇರೊಂದು ತಂತ್ರಾಂಶದಲ್ಲಿ ಹೀಗೆ ಕಂಡ ರೂಪವನ್ನು ನಂಬಿ, ಕನ್ನಡವೇ ಇಲ್ಲದ ಫಾಂಟೊಂದನ್ನು ಕರಪತ್ರದ ತಲೆಬರಹಕ್ಕೆ ಗೊತ್ತುಮಾಡಿಕೊಂಡು, ಪ್ರೂಫ್ ತೆಗೆದಾಗ ಬರಿಯ ಡಬ್ಬಿಗಳನ್ನು ಕಂಡಿದ್ದೇನೆ. ಅಂದಿನಿಂದ ಪಟ್ಟಿಯಲ್ಲಿ ಎರಡು ಫಾಂಟ್‌ಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕಂಡರೆ ಎರಡನ್ನೂ ಅನುಮಾನಿಸುತ್ತೇನೆ.

ಎರವಲು ತಂದ ಅಕ್ಷರವನ್ನು ಬೇರೆ ಬಣ್ಣದಲ್ಲಾದರೂ ತೋರಿಸುವ, ಆಸ್ಕಿ ಗುಂಪಿಗೆ ಒಂದು ಮಾದರಿ ಸಾಲನ್ನೂ ಯೂನಿಕೋಡ್ ಗುಂಪಿಗೆ ಇನ್ನೊಂದನ್ನೂ ನೆನಪಿಟ್ಟುಕೊಳ್ಳುವ ತೆರೆ ನನಗೆ ಬೇಕು. ಸದ್ಯಕ್ಕೆ ನೆಕ್ಸಸ್‌ಫಾಂಟಿನಲ್ಲಿ ‘ನುಡಿ ಆಸ್ಕಿ’, ‘ಯೂನಿಕೋಡ್’ ಎಂದು ಎರಡು ಗುಂಪು ಮಾಡಿ, ನೋಟ್‌ಪ್ಯಾಡಿನ ಒಂದು ಕಡತದಲ್ಲಿ ಎರಡೂ ಬಗೆಯ ಸಾಲುಗಳನ್ನು ಉಳಿಸಿಟ್ಟು, ಗುಂಪು ಬದಲಾದಾಗ ಸಾಲನ್ನೂ ಬದಲಿಸಿ ಅಂಟಿಸುತ್ತೇನೆ. ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ಉಳಿದಿದೆ. ಫಾಂಟ್‌ಬೇಸ್ ಮನೆಯ ಲ್ಯಾಪ್‌ಟಾಪಿನಲ್ಲಿದೆ, ಅಲ್ಲಿ ಆಸ್ಕಿ ಫಾಂಟ್ ಒಂದೂ ಇಲ್ಲ.