ಹೊರಚಾಚಿದ ಕಿವಿ: ದಾರ ಸಾಕೇ, ಕೊಯ್ಯಬೇಕೇ?

ಕನ್ನಡಿಯ ಮುಂದೆ ನಿಂತು ಕಿವಿಯ ಮೇಲಂಚನ್ನು ಬೆರಳಿನಿಂದ ಮೆಲ್ಲಗೆ ತಲೆಯ ಕಡೆಗೆ ಒತ್ತಿ ನೋಡಿ. ಮಡಿಕೆ ಸುಲಭವಾಗಿ ಮೂಡಿದರೆ ಮೃದ್ವಸ್ಥಿ, ಅಂದರೆ ಕಿವಿಗೆ ಆಕಾರ ಕೊಡುವ ಮೆದುಮೂಳೆ, ಮೆತ್ತಗಿದೆ ಎಂದರ್ಥ. ಹೊರಚಾಚಿದ ಕಿವಿಯನ್ನು ಕೊಯ್ಯದೆ ತಿದ್ದುವ ವಿಧಾನಕ್ಕೆ ಹೊಂದುವುದು ಇಂಥ ಕಿವಿಯೇ. ಸೂಜಿ ಚುಚ್ಚಿದಷ್ಟೇ ಚಿಕ್ಕ ರಂಧ್ರಗಳ ಮೂಲಕ ಚರ್ಮದಡಿ ಕರಗದ ದಾರ ಹಾಯಿಸಿ ಮಡಿಕೆಯನ್ನು ಬಿಗಿಯುತ್ತಾರೆ. ಗಾಯ ಸಣ್ಣದು, ಚೇತರಿಕೆ ಬೇಗ. ಆದರೆ ಹೆಚ್ಚಿನ ಭಾರವೆಲ್ಲ ದಾರದ ಮೇಲೆ. ಅದು ಸಡಿಲಿದರೆ ಕಿವಿ ಮತ್ತೆ ಹೊರಚಾಚುತ್ತದೆ. ಕೆಲವೊಮ್ಮೆ ಗಂಟು ಚರ್ಮದಿಂದ ಹೊರಗಿಣುಕುತ್ತದೆ.

ಕಿವಿಯ ಬಟ್ಟಲೇ (ಕಿವಿರಂಧ್ರದ ಸುತ್ತಲಿನ ಕುಳಿ) ಆಳವಾಗಿದ್ದರೆ, ಮೃದ್ವಸ್ಥಿ ಗಟ್ಟಿಯಾಗಿದ್ದರೆ ನನ್ನ ಒಲವು ತೆರೆದ ಶಸ್ತ್ರಚಿಕಿತ್ಸೆಯ ಕಡೆಗೇ. ಕಿವಿಯ ಹಿಂದೆ ಕೊಯ್ದು, ಮೃದ್ವಸ್ಥಿಯನ್ನು ಕಣ್ಣಾರೆ ನೋಡುತ್ತಾ ತಿದ್ದಬಹುದು. 1963ರಲ್ಲಿ ಶಸ್ತ್ರವೈದ್ಯ ಮುಸ್ಟಾರ್ಡೆ ವಿವರಿಸಿದ, ಮೃದ್ವಸ್ಥಿಯನ್ನು ಮಡಿಸಿ ಹಿಡಿಯುವ ಹೊಲಿಗೆ ಇಂದಿಗೂ ಬಳಕೆಯಲ್ಲಿದೆ. ಕಲೆ ಕಿವಿಯ ಹಿಂದಿನ ಸಂದಿನಲ್ಲಿ ಅಡಗುತ್ತದೆ. ತಲೆಗೆ ಕೆಲವು ದಿನ ಬ್ಯಾಂಡೇಜ್, ಬಳಿಕ ಕೆಲವು ವಾರ ರಾತ್ರಿ ಹೊತ್ತು ತಲೆಪಟ್ಟಿ.

ಮಕ್ಕಳಿಗಾದರೆ ಸಾಮಾನ್ಯವಾಗಿ 5–6 ವರ್ಷದವರೆಗೆ ಕಾಯುತ್ತಾರೆ. ನವಜಾತ ಶಿಶುವಿಗೆ ಮೊದಲ ವಾರಗಳಲ್ಲೇ ಕಿವಿಯ ಆಕಾರ ತಿದ್ದುವ ಅಚ್ಚು ಕಟ್ಟಿಸಿದರೆ ಶಸ್ತ್ರಚಿಕಿತ್ಸೆಯೇ ಬೇಡವಾಗಬಹುದು. ಇದನ್ನು ಹೆತ್ತವರಿಗೆ ಯಾರಾದರೂ ಸಕಾಲದಲ್ಲಿ ಹೇಳಬೇಕು.

ಯಾವ ವಿಧಾನವನ್ನು ಆರಿಸಿದರೂ ವೈದ್ಯರನ್ನು ಮೊದಲೇ ಕೇಳಿ: ದಾರ ಸಡಿಲಿದರೆ ಮುಂದೇನು ಮಾಡುತ್ತೀರಿ?